ಪಾಲಾರಿಗೆ ಮಡಿಲಕ್ಕಿ

ಕೋಲಾರದಲ್ಲಿ ನದಿ ಇಲ್ಲ ಎಂದು ಯಾರಾದರೂ ಅಂದರೆ ನನಗೆ ಕೋಪ ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಆವತ್ತು ಹಾಗೆ ಅಂದವನು ಹೊರಗಿನವನಲ್ಲ, ನನ್ನ ಸ್ವಂತ ಮೈದುನ. ಗಂಡನ ತಮ್ಮ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹುಟ್ಟಿ, ತೋಪಿನಲ್ಲೇ ಬಿದ್ದು ಎದ್ದು ದೊಡ್ಡವನಾದವನು. ಈಗ ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ, ಭಾನುವಾರ ಬಂದರೆ ಸೈಕಲ್ಲು. ಸೈಕಲ್ಲು ಎಂದರೆ ನಾವು ಹಾಲಿಗೆ ಹೋಗುವ ಸೈಕಲ್ಲಲ್ಲ. ಬೆರಳಲ್ಲಿ ಎತ್ತಬಹುದಾದ ಹಗುರದ್ದು, ಅದಕ್ಕೆ ತಕ್ಕ ಬಿಗಿ ಚಡ್ಡಿ, ತಲೆಗೆ ಹೆಲ್ಮೆಟ್ಟು, ಕೈಗೆ ಬೆರಳಿಲ್ಲದ ಗ್ಲೌಸು.

ಮಾವಿನ ಕಾಲ. ಮನೆಮಂದಿಯೆಲ್ಲ ತೋಪಿನಲ್ಲಿ ಸೇರಿದ್ದೆವು. ಎಲೆ ಮುಂದೆ ಕೂತು ರಸಾಯನ ಬಡಿಸಿಕೊಳ್ಳುತ್ತಾ ಅವನು ಶುರು ಮಾಡಿದ.

"ಅತ್ತಿಗೆ, ನೀವು ಬೇಜಾರು ಮಾಡ್ಕೋಬೇಡಿ. ನಮ್ಮ ಗುಂಪಿನವರು ವರ್ಷಕ್ಕೊಂದು ನದಿ ಕಣಿವೆ ಆರಿಸ್ಕೊಂಡು ಸೈಕಲ್ ತುಳೀತೀವಿ. ಕಾವೇರಿ ಆಯ್ತು, ಹೇಮಾವತಿ ಆಯ್ತು, ತುಂಗಭದ್ರೆ ಆಯ್ತು. ಕೋಲಾರಕ್ಕೆ ಬನ್ನಿ ಅಂತ ನಾನು ಯಾವ ಮುಖ ಇಟ್ಕೊಂಡು ಕರೀಲಿ? ಇಲ್ಲಿ ನದಿ ಅಂದ್ರೆ ಮ್ಯಾಪಿನಲ್ಲಿ ಒಂದು ನೀಲಿ ಗೀಟು, ಅಷ್ಟೇ."

"ಪಾಲಾರ್ ಇಲ್ವೇನೋ?" ಅಂದೆ.

"ಸೇತುವೆ ಇದೆ, ಬೋರ್ಡ್ ಇದೆ. ಕೆಳಗೆ ಇಣುಕಿದ್ರೆ ಹುಡುಗರು ಕ್ರಿಕೆಟ್ ಆಡ್ತಿರ್ತಾರೆ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು, ಅದರ ವಿಚಾರಣೆಯನ್ನು ನಾನು ಮನೆಗೆ ಹೋದ ಮೇಲೆ ಇಟ್ಟುಕೊಂಡೆ. ನಗು ಸಿಕ್ಕಿದ್ದೇ ತಡ, ಮೈದುನ ಇನ್ನೊಂದು ಹೆಜ್ಜೆ ಮುಂದೆ ಹೋದ. "ಈಗೀಗ ಕೆಲವು ಕೆರೇಲಿ ನೀರು ಕಾಣುತ್ತೆ ನಿಜ. ಆದ್ರೆ ಅದು ಬೆಂಗಳೂರಲ್ಲಿ ನಾವು ಸ್ನಾನ ಮಾಡಿ ಬಿಟ್ಟಿದ್ದು, ಶುದ್ಧ ಮಾಡಿ ಪೈಪಲ್ಲಿ ಕಳಿಸಿರೋದು. ಅದನ್ನ ನೋಡೋಕೆ ಸೈಕಲ್ ತುಳ್ಕೊಂಡು ಇಲ್ಲಿಗೆ ಬರಬೇಕಾ?"

ಈ ಮಾತಿಗೆ ಯಾರೂ ನಗಲಿಲ್ಲ. ನಮ್ಮ ಕಡೆಯವರಿಗೆ ಅದು ಹಸಿ ಗಾಯ. ಆ ನೀರು ಬೇಕು ಎನ್ನುವವರಿದ್ದಾರೆ, ಬೇಡ ಎನ್ನುವವರಿದ್ದಾರೆ, ಆದರೆ ಅದನ್ನು ಹಿಡಿದು ಹೊರಗಿನವರು ಆಡಿಕೊಂಡರೆ ಇಬ್ಬರಿಗೂ ಉರಿಯುತ್ತದೆ.

"ನಿಮ್ಮ ಸ್ನಾನದ ನೀರು ಒಂದು ತೊಟ್ಟೂ ಬರದೇ ಇರೋ ಕಣಿವೇಲೇ ಕರ್ಕೊಂಡು ಹೋಗ್ತೀನಿ ಕಣಪ್ಪ. ಬಾ, ನಿನ್ನ ಗುಂಪನ್ನ ಕಟ್ಕೊಂಡು ಬಾ," ಅಂದುಬಿಟ್ಟೆ.

ಅವನು ಕೈ ತೊಳೆದುಕೊಂಡು ಬಂದು ಗಂಭೀರವಾಗಿಯೇ ಹೇಳಿದ. "ಆಯ್ತು. ದೀಪಾವಳಿ ಆದ ಮೇಲೆ ನಾಲ್ಕು ಜನ ಬಂದು ತುಳಿದು ನೋಡ್ತೀವಿ. ನದಿ ಅಂತ ನನ್ನ ಕಣ್ಣಿಗೆ ಕಾಣಿಸಿದ್ರೆ ಈ ವರ್ಷದ ದೊಡ್ಡ ಸವಾರಿ ಇಲ್ಲೇ, ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಕಾಣಿಸ್ಲಿಲ್ಲ ಅಂದ್ರೆ ನೀವು ಇನ್ಮೇಲೆ ನದಿ ಮಾತು ಎತ್ತಬಾರದು."

ಒಪ್ಪಿಕೊಂಡೆ. ಒಂದು ಸೈಕಲ್ ಸವಾರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ನನ್ನ ಗಂಡ ಕೇಳಿದರು. ಕೆಡಿಸಿಕೊಳ್ಳಬೇಕು. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲ್ಲಿನ ಹುಡುಗಿಯರು, ಕೋಲಾರದವಳು ಎಂದ ಕೂಡಲೇ "ಅಯ್ಯೋ ಪಾಪ" ಎನ್ನುತ್ತಿದ್ದರು. ನಿಮ್ಮ ಕಡೆ ವಾರಕ್ಕೆಷ್ಟು ಸಲ ಸ್ನಾನ ಮಾಡ್ತೀರಿ ಎಂದು ಒಬ್ಬಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಪಾಪ ಎಂದರೆ ಏನು ಮಾಡುವುದು? ನನ್ನ ಊರನ್ನು ನೋಡಿ ಒಬ್ಬರಾದರೂ ಹೊಟ್ಟೆ ಉರಿದುಕೊಳ್ಳಲಿ ಎಂದು ಅಂದಿನಿಂದ ನನಗೆ ಆಸೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮನೆ ಕೋಲಾರದಲ್ಲಿ, ತವರು ಮುಳಬಾಗಿಲಿನ ಕಡೆ ಒಂದು ಹಳ್ಳಿ. ಮಂಡಿ ನೋವಿಗೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಒಂದು ಗೇರ್ ಸೈಕಲ್ ಕೊಂಡಿದ್ದೆ. ನೋವು ಹೋಯಿತು, ಚಟ ಉಳಿಯಿತು. ಮೈದುನನ ಜೊತೆ ಮಾತು ಕೊಟ್ಟ ಮೇಲೆ ಭಾನುವಾರಗಳೆಲ್ಲ ದಾರಿ ಹುಡುಕುವುದಕ್ಕೇ ಹೋದವು. ಚೂಡಿದಾರ್, ಕ್ಯಾನ್ವಾಸ್ ಶೂ, ತಲೆಗೆ ಹೆಲ್ಮೆಟ್ ಹಾಕಿಕೊಂಡು ನಾನು ಮುಂದೆ. ಸ್ಕೂಟರಿನಲ್ಲಿ ನೀರು, ಪಂಪು, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ನನ್ನ ಗಂಡ ಹಿಂದೆ. ತೋಪಿನಲ್ಲಿ ನಕ್ಕಿದ್ದಕ್ಕೆ ಅದು ದಂಡ.

ಊರೂರಿನಲ್ಲೂ ನಮ್ಮನ್ನು ನಿಲ್ಲಿಸಿ ಕೇಳುತ್ತಿದ್ದರು. "ಯಾಡಿಕಿ ಪೋತಾವಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲೇ, ಎಲ್ಲಿಗೆ ಎಂದು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಿದ್ದೆ, ನದಿ ನೋಡೋಕೆ ಎಂದು. ಕೆಲವರು ನನ್ನ ಗಂಡನ ಮುಖ ನೋಡುತ್ತಿದ್ದರು. ಅವರು ಮೇಲಕ್ಕೆ ನೋಡಿ ಕೈ ತೋರಿಸುತ್ತಿದ್ದರು, ಎಲ್ಲಾ ದೇವರ ಇಚ್ಛೆ ಎನ್ನುವ ಹಾಗೆ.

ಹಾಗೆ ಸುತ್ತುತ್ತಾ ಸುತ್ತುತ್ತಾ ನನಗೆ ನಮ್ಮ ನದಿ ಅರ್ಥವಾಯಿತು. ಮೈದುನ ಹುಡುಕುತ್ತಿದ್ದದ್ದು ಎರಡು ದಡಗಳ ನಡುವೆ ಹರಿಯುವ ನೀರನ್ನು. ನಮ್ಮ ನದಿ ಹಾಗೆ ಇರುವುದಿಲ್ಲ. ನಮ್ಮ ಹಿರಿಯರು ಅದನ್ನು ಹರಿದು ಹೋಗಲು ಬಿಟ್ಟಿಲ್ಲ. ಒಂದು ಏರಿ ಹಾಕಿ ನಿಲ್ಲಿಸಿದ್ದಾರೆ, ಕೆರೆಯಾಗಿದೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗಲು ಏರಿಯ ಒಂದು ತುದಿಯಲ್ಲಿ ಕಲ್ಲಿನ ಕೋಡಿ ಕಟ್ಟಿದ್ದಾರೆ. ಕೋಡಿ ಬಿದ್ದ ನೀರು ಹಳ್ಳದಲ್ಲಿ ಹೋಗಿ ಕೆಳಗಿನ ಊರಿನ ಕೆರೆ ಸೇರುತ್ತದೆ. ಅದು ತುಂಬಿದರೆ ಅದರ ಕೆಳಗಿನದು. ಹೀಗೆ ಒಂದೊಂದು ಊರೂ ತನಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮುಂದಿನ ಊರಿಗೆ ಕಳಿಸುತ್ತಾ ಕಳಿಸುತ್ತಾ ಕೊನೆಗೆ ಪಾಲಾರ್. ಕಾವೇರಿಯನ್ನು ಯಾರೂ ಮಾಡಲಿಲ್ಲ, ಅದು ಇತ್ತು. ಪಾಲಾರನ್ನು ನಮ್ಮವರು ಮಣ್ಣು ಹೊತ್ತು ಕಟ್ಟಿದರು. ಇದನ್ನು ನಾನು ಹತ್ತನೇ ಕ್ಲಾಸಿನಲ್ಲಿ ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಮಕ್ಕಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ದಾರಿಯನ್ನು ಕೆರೆಯಿಂದ ಕೆರೆಗೆ ಹಾಕಿದೆ. ವೇಮಗಲ್‌ನಲ್ಲಿ ಶುರು. ಕಾರ್ಖಾನೆಗಳ ಕಾಂಪೌಂಡು ದಾಟುತ್ತಲೇ ರಾಗಿ ಹೊಲ, ಹಿಪ್ಪುನೇರಳೆ ತೋಟ, ಕೋಲಿಗೆ ಕಟ್ಟಿದ ಟೊಮೇಟೊ ಸಾಲು. ಬಲಗಡೆ ದೂರಕ್ಕೆ ಕೋಲಾರದ ಬೆಟ್ಟ, ಗುಂಡು ಮೇಲೆ ಗುಂಡು. ಹೈವೇ ದಾಟಿ ಆಚೆ ಹೋದರೆ ಹುಣಸೆ ಮರದ ನೆರಳಿನ ಸಣ್ಣ ರಸ್ತೆ, ಅಲ್ಲಿಂದ ಏರಿಗಳು. ಬೆಂಗಳೂರಿನ ಪೈಪಿನ ನೀರು ಬರುವ ಕೆರೆಗಳನ್ನೆಲ್ಲ ಹಠ ಹಿಡಿದು ಬಿಟ್ಟೆ. ಕೊನೆಗೆ ನನ್ನ ತವರೂರು, ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮುದ್ದೆ ಮಸ್ಸೊಪ್ಪು.

ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟವಾದದ್ದು ಕೊನೆಗೆ ಸ್ವಲ್ಪ ಮುಂಚೆ ಸಿಗುವ ಒಂದು ತುಂಡು. ನಮ್ಮೂರಿನ ಮೇಲಿನ ಊರಿನ ಕೆರೆಯ ಹತ್ತಿರ ಟಾರ್ ರಸ್ತೆ ಬಿಟ್ಟು ಇಳಿದರೆ ತಣ್ಣನೆಯ ಮಣ್ಣು ದಾರಿ. ಎರಡೂ ಕಡೆ ಜಾಲಿ ಮರ, ನವಿಲು, ನುಣುಪಾದ ಕರಿ ಮಣ್ಣು. ಆಟೋ, ಟ್ರ್ಯಾಕ್ಟರ್, ಸ್ಕೂಲಿನ ವ್ಯಾನು ಎಲ್ಲಾ ಅಲ್ಲೇ ಓಡಾಡುತ್ತವೆ. ನಾನು ಚಿಕ್ಕವಳಿದ್ದಾಗಿನಿಂದಲೂ ಅದು ನಮ್ಮೂರಿಗೆ ಒಳದಾರಿ. ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಮೈದುನನಿಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಒಂದು ನಿಂತಿತು ಎನ್ನುವಷ್ಟರಲ್ಲಿ ಇನ್ನೊಂದು. ಶಾಲೆಗೆ ರಜೆ ಕೊಟ್ಟರು, ಕೊಯ್ಲಿಗೆ ಬಂದ ರಾಗಿ ಮಲಗಿತು. ಕೊನೆಗೊಂದು ಶನಿವಾರ ಬಿಸಿಲು ಬಿತ್ತು. ಮರುದಿನ ಬರುತ್ತೇವೆ ಎಂದು ಮೈದುನ ಫೋನು ಮಾಡಿದ. ನಾನು ಚಿಕ್ಕಮ್ಮನಿಗೆ ಫೋನು ಮಾಡಿ ನಮ್ಮೂರ ಕೆರೆಗೆ ನೀರು ಬಂತಾ ಎಂದು ಕೇಳಿದೆ. "ಎಲ್ಲಿ ಬರುತ್ತೆ, ಅಲ್ಲಲ್ಲಿ ಗುಂಡೀಲಿ ನಿಂತಿದೆ ಅಷ್ಟೇ" ಅಂದರು. ನಿಟ್ಟುಸಿರು ಬಿಟ್ಟು, ದಾರಿ ಒಣಗಿದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ವೇಮಗಲ್‌ಗೆ ನಾಲ್ವರು ಬಂದಿಳಿದರು. ಮೈದುನ, ಇಬ್ಬರು ಹುಡುಗರಂಥ ಇಂಜಿನಿಯರುಗಳು, ಮತ್ತೆ ನಿವೃತ್ತರಾದ ಒಬ್ಬ ಡಾಕ್ಟರಮ್ಮ. ಡಾಕ್ಟರಮ್ಮ ನನಗಿಂತ ಎಷ್ಟೋ ದೊಡ್ಡವರು, ಸೈಕಲ್ಲಿನಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ಗುಂಪಿನಲ್ಲಿ ಅವರ ಮಾತಿಗೆ ತೂಕ ಜಾಸ್ತಿ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹೊರಟೆವು. ಜೊತೆಗೆ ನಾಲ್ವರಿದ್ದಾರಲ್ಲ ಎಂದು ನನ್ನ ಗಂಡ ಈ ಸಲ ಮನೆಯಲ್ಲೇ ಉಳಿದಿದ್ದರು. ಮಳೆ ತೊಳೆದಿಟ್ಟ ಬೆಳಗು ಅದು. ಬಂಡೆಗಳೆಲ್ಲ ಹೊಳೆಯುತ್ತಿದ್ದವು, ಏರಿಯ ಕೆಳಗಿನ ಗದ್ದೆಗಳಲ್ಲಿ ಕೊಕ್ಕರೆ. ಡಾಕ್ಟರಮ್ಮ ಎರಡು ಕಡೆ ನಿಲ್ಲಿಸಿ ಫೋಟೋ ತೆಗೆದರು. "ಇಷ್ಟು ಹತ್ತಿರ ಇಷ್ಟು ಚೆನ್ನಾಗಿದೆ ಅಂತ ಯಾರೂ ಹೇಳ್ಲೇ ಇಲ್ಲವಲ್ಲ" ಅಂದರು. ನಾನು ಮೈದುನನ ಕಡೆ ನೋಡಿದೆ.

"ಚೆನ್ನಾಗಿದೆ ಮೇಡಂ, ನಾನು ಇಲ್ಲ ಅನ್ನಲ್ಲ," ಅಂದ ಅವನು. "ಆದ್ರೆ ಇವೆಲ್ಲ ಕೆರೆಗಳು. ನದಿ ಎಲ್ಲಿ ಅಂತ ನಮ್ಮ ಅತ್ತಿಗೆ ಇನ್ನೂ ತೋರಿಸಿಲ್ಲ."

"ತಾಳಪ್ಪ ಸ್ವಲ್ಪ," ಅಂದೆ. ಆದರೆ ಒಳಗೊಳಗೆ ಅಳುಕು ಶುರುವಾಗಿತ್ತು. ಅರ್ಧಂಬರ್ಧ ತುಂಬಿದ ಕೆರೆಗಳು, ಮಧ್ಯೆ ಒಣ ಹಳ್ಳ. ನಾನು ಕ್ಲಾಸಿನಲ್ಲಿ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ, ಕೆರೆಗಳ ಸರಣಿಯೇ ನದಿ ಎಂದು. "ಪಾಠ ಬೇಡ ಅತ್ತಿಗೆ, ಕಣ್ಣಿಗೆ ಕಾಣಿಸ್ಬೇಕು ಅಂತ ಮಾತಾಗಿತ್ತು," ಅಂದ. ಮುಂದಕ್ಕೆ ತುಳಿದೆ. ಇನ್ನು ಉಳಿದದ್ದು ಆ ಜಾಲಿ ಮರದ ದಾರಿ. ಅಲ್ಲಿ ಕಣಿವೆಯ ಚೆಲುವಾದರೂ ಇವನ ಬಾಯಿ ಮುಚ್ಚಿಸಲಿ ಎಂದುಕೊಂಡೆ.

ಟಾರ್ ರಸ್ತೆಯ ತಿರುವು ಬಂತು. ಮುಂದೆ ಹೋಗುತ್ತಿದ್ದ ಮೈದುನ ಗಕ್ಕನೆ ಬ್ರೇಕ್ ಹಾಕಿದ.

"ಅತ್ತಿಗೆ, ದಾರಿ ಎಲ್ಲಿ?"

ದಾರಿ ನೀರಿನೊಳಗಿತ್ತು. ಕಣ್ಣು ಹಾಯುವವರೆಗೂ ನೀರು. ಕಂದು ಬಣ್ಣದ, ಅಲೆ ಏಳುತ್ತಿದ್ದ ನೀರು. ಜಾಲಿ ಮರಗಳ ತುದಿಗಳು ಮಾತ್ರ ಮೇಲೆ ಕಾಣುತ್ತಿದ್ದವು. ಯಾರದೋ ಹುಲ್ಲಿನ ಮೆದೆ ದ್ವೀಪವಾಗಿ ನಿಂತಿತ್ತು, ಅದರ ಮೇಲೊಂದು ನಾಯಿ. ನಾನು ಸೈಕಲ್ ಹಿಡಿದುಕೊಂಡು ಬಾಯಿ ಬಿಟ್ಟು ನಿಂತೆ. ಆಗ ಹೊಳೆಯಿತು, ನನ್ನ ಒಳದಾರಿ ಇದ್ದದ್ದು ಕೆರೆಯ ಅಂಗಳದಲ್ಲಿ. ಹುಟ್ಟಿದಾಗಿನಿಂದ ಅದರಲ್ಲಿ ನಡೆದಿದ್ದೇನೆ, ಸೈಕಲ್ ತುಳಿದಿದ್ದೇನೆ. ಏರಿಯನ್ನೂ ನೋಡಿದ್ದೇನೆ, ಕೋಡಿಯನ್ನೂ ನೋಡಿದ್ದೇನೆ. ಆದರೂ ಇಲ್ಲಿಗೆ ಒಂದು ದಿನ ನೀರು ಬರಬಹುದು ಎಂದು ಒಂದೇ ಒಂದು ಸಲವೂ ತಲೆಗೆ ಬಂದಿರಲಿಲ್ಲ. ಜಲಚಕ್ರದ ಪಾಠ ಮಾಡುವ ಮೇಡಮ್ಮು ನಾನು.

"ನೀವು ಕೆರೆ ಒಳಗೆ ಸೈಕಲ್ ದಾರಿ ಹಾಕಿದ್ರಾ?" ಡಾಕ್ಟರಮ್ಮ ಕೇಳಿದರು.

"ಕೆರೇಲಿ ನೀರಿರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ ಮೇಡಂ?" ಅಂದೆ, ರೇಗಿಯೇ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ತಡೆಯಲಾಗದೆ ನಗು ಬಂತು.

ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಅಲ್ಲಿದ್ದ ಊರಿನವರು ಸಮಾಧಾನ ಹೇಳಿದರು. ಕೆರೆ ಪೂರ್ತಿ ತುಂಬಿ ಒಂದು ತಲೆಮಾರೇ ಆಗಿತ್ತು. ಒಬ್ಬರ ಟ್ರ್ಯಾಕ್ಟರಿನ ಟ್ರೇಲರು ಒಳಗೇ ಇತ್ತಂತೆ. ಇನ್ನೊಬ್ಬರು ಕಣ ಮಾಡಲು ಸೆಗಣಿ ಸಾರಿಸಿಟ್ಟಿದ್ದರಂತೆ. ಯಾರ ಮುಖದಲ್ಲೂ ಬೇಜಾರಿರಲಿಲ್ಲ. ಮುಳುಗಿದ್ದನ್ನು ಒಬ್ಬರಿಗೊಬ್ಬರು ಬೀಗುತ್ತಾ ಹೇಳಿಕೊಳ್ಳುತ್ತಿದ್ದರು. ಬೆಟ್ಟದ ಕಡೆಯ ಹಳ್ಳಗಳೆಲ್ಲ ಈ ಕೆರೆಗೇ ನುಗ್ಗಿ ಬೆಳಗಿನ ಜಾವ ಕೋಡಿ ಬಿತ್ತು, ಊರೆಲ್ಲ ಕೋಡಿ ಹತ್ತಿರ ಇದೆ, ಹೋಗಿ ನೋಡಿ ಎಂದರು.

ಏರಿಯ ಮೇಲೆ ಸೈಕಲ್ ತುಳಿದುಕೊಂಡು ಆ ತುದಿಗೆ ಹೋದೆವು. ಎಡಕ್ಕೆ ತುಂಬಿದ ಕೆರೆ, ಬಲಕ್ಕೆ ಕೆಳಗೆ ತೆಂಗು ಗದ್ದೆ. ಕೋಡಿಯ ಕಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು ಅಗಲಕ್ಕೆ ಹರಡಿಕೊಂಡು ಆಚೆ ಹಳ್ಳಕ್ಕೆ ಬೀಳುತ್ತಿತ್ತು. ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಗಂಗಮ್ಮನಿಗೆ ಪೂಜೆ ಮುಗಿಸಿದ್ದರು. ಆದರೆ ಅಲ್ಲಿ ಜಗಳ ಎದ್ದಿತ್ತು.

ಜಗಳ ಮಡಿಲಕ್ಕಿಯದು. ನಮ್ಮ ಆ ಎರಡು ಊರಿನ ಪದ್ಧತಿ ಅದು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರನ್ನು ಗಂಡನ ಮನೆಗೆ ಹೋಗುವ ಮಗಳು ಎಂದೇ ಲೆಕ್ಕ. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಕಟ್ಟಿ ಕೆಳಗಿನ ಊರಿಗೆ ತಲುಪಿಸಬೇಕು. ಅದೂ ನೀರು ಅಲ್ಲಿಗೆ ಮುಟ್ಟುವ ಮೊದಲೇ. ಮಗಳು ಬರಿ ಮಡಿಲಲ್ಲಿ ಹೋಗಿ ಹೊಸಿಲಲ್ಲಿ ನಿಲ್ಲಬಾರದು. ನನ್ನ ಅಜ್ಜಿ ಇದನ್ನು ಹೇಳುತ್ತಿದ್ದರು, ನಾನು ಕಣ್ಣಾರೆ ನೋಡಿರಲಿಲ್ಲ. ಈಗ ಗಂಟು ಸಿದ್ಧವಾಗಿತ್ತು, ಒಯ್ಯಲು ದಾರಿ ಇರಲಿಲ್ಲ. ಒಳದಾರಿ ನೀರಿನಲ್ಲಿ. ಟಾರ್ ರಸ್ತೆಯಲ್ಲಿ ಸುತ್ತಿಕೊಂಡು ಹೋದ ಊರಿನವರೊಬ್ಬರ ಸ್ಕೂಟರು, ಇನ್ನೊಂದು ಹಳ್ಳದ ಮೋರಿಯ ಮೇಲೆ ನೀರು ನುಗ್ಗುತ್ತಿದೆ ಎಂದು ವಾಪಸು ಬಂದಿತ್ತು. ಉಳಿದದ್ದು ಕೋಡಿ ದಾಟಿ ಹಳ್ಳದ ದಂಡೆಯ ಹಳೆಯ ಕಾಲುದಾರಿ. ಬೈಕು ಹತ್ತಿಸಲು ಆಗುವುದಿಲ್ಲ, ನಡೆದು ಹೋದರೆ ನೀರು ಗೆಲ್ಲುತ್ತದೆ.

"ಫೋನ್ ಮಾಡಿ ಹೇಳ್ಬಿಡಿ, ಸಾಕು," ಎಂದ ಒಬ್ಬ ಇಂಜಿನಿಯರು ಹುಡುಗ.

"ಫೋನಲ್ಲಿ ಅಕ್ಕಿ ಹೋಗುತ್ತೇನಪ್ಪ?" ಎಂದಳು ಗಂಟು ಹಿಡಿದಿದ್ದ ಮುದುಕಿ. ಆಮೇಲೆ ಅವಳ ಕಣ್ಣು ನಮ್ಮ ಸೈಕಲ್ಲುಗಳ ಮೇಲೆ ಬಿತ್ತು.

ಗಂಟನ್ನು ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಮುದುಕಿ ಹಿಂದಕ್ಕೆಳೆದುಕೊಂಡಳು. "ನೀನು ಕೆಳಗಿನೂರ ಮಗಳಲ್ವೇನೇ? ನೀನು ಗಂಡಿನ ಕಡೆ. ನೀನು ಹೊರಬಾರದು." ಮೈದುನನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಬಾ ನಾಯನಾ." ಅವನು ಬೇಡ ಎನ್ನುವ ಮೊದಲೇ ಗಂಟು ಅವನ ಬೆನ್ನಿಗೆ ಬಿದ್ದಿತ್ತು, ಸೀರೆ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದ್ದೂ ಆಗಿತ್ತು. ಅಲ್ಲಿ ಹೋಗಿ ಹೇಳಬೇಕಾದ ಮಾತನ್ನೂ ಮುದುಕಿ ಹೇಳಿಕೊಟ್ಟಳು. "ನಾವು ಮೇಲಿನ ಕೆರೆಯವರು. ನಮ್ಮ ಹುಡುಗಿ ಪಾಲಾರಮ್ಮನ್ನ ಕಳಿಸಿದ್ದೀವಿ. ಚೆನ್ನಾಗಿ ನೋಡ್ಕೊಳ್ಳಿ. ಇಷ್ಟೇ. ಇಷ್ಟು ಹೇಳ್ದೆ ಗಂಟು ಬಿಚ್ಚಬಾರದು."

ಪಾಲಾರಮ್ಮ ಎಂದು ಕೇಳಿ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಕೊನೆಗೆ ಪಾಲಾರಿಗೇ ಹೋಗಿ ಸೇರುವ ನೀರು, ಅದಕ್ಕೆ ಇಲ್ಲಿಂದಲೇ ಅವಳ ಹೆಸರು ಎಂದು ಹೇಳಿದೆ. ಮೈದುನ ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಂಡ.

ಕೋಡಿಯ ಅಡ್ಡಕ್ಕೆ ಊರಿನವರು ಹಗ್ಗ ಹಿಡಿದು ನಿಂತರು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಒಬ್ಬೊಬ್ಬರಾಗಿ ದಾಟಿದೆವು. ಪಾದದ ಮೇಲೆ ತಣ್ಣನೆ ನೀರು ಎಳೆಯುತ್ತಿತ್ತು. ಆಚೆ ಹತ್ತಿದ ಮೇಲೆ ಶುರುವಾಯಿತು ನೋಡಿ ನಿಜವಾದ ಸವಾರಿ. ಒಂದು ಸೈಕಲ್ಲಿಗಷ್ಟೇ ಜಾಗ. ಹೊಂಗೆ ಮರ, ಲಂಟಾನ, ಅಲ್ಲಲ್ಲಿ ಜಾರು ಬಂಡೆ. ಬಲಗಡೆ ಹಳ್ಳದಲ್ಲಿ ನಮ್ಮ ಜೊತೆಗೇ ನೀರು. ಮೊದಮೊದಲು ಅದು ಮುಂದೆ, ನಾವು ಹಿಂದೆ. ಆದರೆ ಒಣ ಹಳ್ಳದಲ್ಲಿ ನೀರು ಬೇಗ ಹೋಗುವುದಿಲ್ಲ. ಮರಳು ತೆಗೆದ ಗುಂಡಿಗಳಿಗೆ ಒಂದೊಂದಕ್ಕೂ ಇಳಿದು, ಅದನ್ನು ತುಂಬಿಸಿ, ಮತ್ತೆ ಮೇಲೆ ಬಂದು ಮುಂದಕ್ಕೆ ಹೊರಡಬೇಕು. ಒಂದು ತಿರುವಿನಲ್ಲಿ ನೀರಿನ ಮೂತಿಯನ್ನೇ ನೋಡಿದೆವು. ತರಗೆಲೆ, ನೊರೆ, ಇರುವೆಗಳನ್ನು ಮುಂದಕ್ಕೆ ತಳ್ಳಿಕೊಂಡು ಮೆಲ್ಲಗೆ ತೆವಳುತ್ತಿತ್ತು. ಅದರ ಮುಂದೆ ಬಿಸಿಲಿಗೆ ಬಿಳುಚಿದ ಒಣ ಮರಳು. ಡಾಕ್ಟರಮ್ಮ ಇಳಿದು ನಿಂತುಬಿಟ್ಟರು. "ನಾನು ಹಿಮಾಲಯದಲ್ಲೂ ನದಿ ಹುಟ್ಟೋದು ನೋಡಿದೀನಿ. ನದಿ ಬರೋದನ್ನ ನೋಡಿರ್ಲಿಲ್ಲ," ಅಂದರು.

ನಾನು ಮೈದುನನ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಇದನ್ನೂ ಅವನು ಕೆರೆಯ ನೀರು ಎಂದುಬಿಟ್ಟರೆ ನನ್ನಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ, ದಾರಿ ಕೊಂಚ ಅಗಲವಾದ ಕಡೆ, ಅವನೇ ಪಕ್ಕಕ್ಕೆ ಬಂದ. "ಅತ್ತಿಗೆ, ಅಲ್ಲಿ ಹೋದ್ಮೇಲೆ ಆ ಮಾತೆಲ್ಲ ನೀವೇ ಹೇಳ್ಬಿಡಿ. ನನಗೆ ಇವೆಲ್ಲ ಬರಲ್ಲ."

"ನಾನು ಹೆಂಗೆ ಹೇಳ್ಲಿ? ಕೇಳಿಸ್ಕೊಳ್ಲಿಲ್ವಾ, ನಾನು ಗಂಡಿನ ಕಡೆ," ಅಂದೆ.

ನಮ್ಮೂರ ಕೆರೆಗೆ ಹಳ್ಳ ಸೇರುವ ಕಡೆ ಊರಿನ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಕೋಡಿ ಬಿದ್ದ ಸುದ್ದಿ ಫೋನಿನಲ್ಲಿ ಮುಟ್ಟಿತ್ತು, ಮಡಿಲಕ್ಕಿ ಯಾರು ತರುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ಬಿಗಿ ಚಡ್ಡಿ ಹಾಕಿಕೊಂಡು, ಕೆಸರು ಮೆತ್ತಿಕೊಂಡು, ಬೆನ್ನಿಗೆ ಗಂಟು ಕಟ್ಟಿಕೊಂಡು ನನ್ನ ಮೈದುನ ಪೊದೆಯಿಂದ ಹೊರಗೆ ಬಂದಾಗ ಒಂದು ಕ್ಷಣ ಎಲ್ಲರೂ ಗಾಬರಿಯಾದರು. ಚಿಕ್ಕಮ್ಮ ಅವನ ಗುರುತು ಹಿಡಿದು ನಕ್ಕರು. ಮರುಕ್ಷಣವೇ ಮುಖ ಗಂಭೀರ ಮಾಡಿಕೊಂಡು ಬಿಂದಿಗೆಯಿಂದ ಅವನ ಕಾಲಿಗೆ ನೀರು ಹಾಕಿದರು. ಹೆಣ್ಣಿನ ಕಡೆಯವರಿಗೆ ಮಾಡುವ ಮರ್ಯಾದೆ. ಅವನು ಮುಜುಗರದಿಂದ ಒಂದು ಕಾಲಿನ ಮೇಲೆ ನಿಂತ, ಮತ್ತೊಂದು ಕಾಲಿನ ಮೇಲೆ ನಿಂತ.

"ಯಾರು ನೀವು? ಯಾರನ್ನ ಕಳಿಸಿದ್ದೀರಿ?" ಚಿಕ್ಕಮ್ಮ ಕೇಳಿದರು. ಅದು ಕೇಳಬೇಕಾದ ಮಾತು.

ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. "ನೀನು ಸುಮ್ನಿರೇ," ಎಂದು ಗದರಿದರು.

ಮೈದುನ ಗಂಟನ್ನು ಬೆನ್ನಿಂದ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಡಾಕ್ಟರಮ್ಮ, ಹುಡುಗರು, ನಮ್ಮೂರಿನ ಅಷ್ಟೂ ಜನ ಅವನನ್ನೇ ನೋಡುತ್ತಿದ್ದರು. ನಾಲ್ಕು ಜನರೆದುರು ತಮಾಷೆ ಮಾಡಿ ಜಾರಿಕೊಳ್ಳುವುದು ಅವನಿಗೆ ಹೊಸದಲ್ಲ. ಮಾಡುತ್ತಾನೆ ಎಂದೇ ನಾನು ಹಲ್ಲು ಕಚ್ಚಿ ನಿಂತಿದ್ದೆ.

"ನಾವು ಮೇಲಿನ ಕೆರೆಯವರು," ಅಂದ. "ನಮ್ಮ ಹುಡುಗಿ..."

ಅಲ್ಲಿಗೆ ನಿಂತುಬಿಟ್ಟ.

"ಹುಡುಗಿಗೆ ಹೆಸರಿಲ್ವಾ?" ಚಿಕ್ಕಮ್ಮ ಬಿಡಲಿಲ್ಲ.

ಅವನು ಹಿಂದಕ್ಕೆ ತಿರುಗಿ ಹಳ್ಳದ ಕಡೆ ನೋಡಿದ. ನೀರು ಇನ್ನೂ ಬಂದಿರಲಿಲ್ಲ. ಖಾಲಿ ಮರಳು, ಅದರ ಮೇಲೆ ಮಧ್ಯಾಹ್ನದ ಬಿಸಿಲು. ತೋರಿಸಲು ಅವನ ಕೈಯಲ್ಲೂ ಏನೂ ಇರಲಿಲ್ಲ.

"ಪಾಲಾರಮ್ಮ," ಅಂದ. "ನಮ್ಮ ಹುಡುಗಿ ಪಾಲಾರಮ್ಮನ್ನ ಕಳಿಸಿದ್ದೀವಿ. ಇದ್ದಾಳೆ, ಬರ್ತಾ ಇದ್ದಾಳೆ. ಚೆನ್ನಾಗಿ ನೋಡ್ಕೊಳ್ಳಿ."

ಚಿಕ್ಕಮ್ಮ ಸೆರಗೊಡ್ಡಿ ಗಂಟು ತೆಗೆದುಕೊಂಡರು. ನಾನು ಎಲ್ಲರೆದುರು ಗಳಗಳ ಅತ್ತೆ, ಚೂರೂ ನಾಚಿಕೆಯಾಗಲಿಲ್ಲ. ಮೇಲಿನೂರ ಮುದುಕಿ ಹೇಳಿಕೊಟ್ಟ ಮಾತಿನಲ್ಲಿ "ಇದ್ದಾಳೆ" ಎನ್ನುವುದು ಇರಲಿಲ್ಲ. ಅದನ್ನು ಅವನೇ ಸೇರಿಸಿದ್ದು.